ಮೂವತ್ತರ ಕೆಳಗ ಗುಂಡಿ ಇಲ್ಲ

ಮುಂಜಾನಿ ಆರೂವರಿಗೆ ನನ್ನ ಗಾಡಿ ಮೈಕ್ ಹಚ್ಚಿ ಓಣಿಗೆ ಬರ್ತದ.
ಮೈಕಿನ ದನಿ ಅದೇ.
ಹೋದ ವಾರದಿಂದ ಬಾಗಿಲದಾಗ ನಿಲ್ಲೋ ಮಾರಿ ಬ್ಯಾರೆ.

ಗಾಡಿ ಬಲಮಗ್ಗಲಿಗೆ ನಗರಸಭೆಯವರು ಕಾಗದ ಅಂಟಿಸ್ಯಾರ:
ಆರುನೂರು ಚದರಡಿ ಒಳಗ ಮೂವತ್ತು,
ಸಾವಿರದ ತನಕ ಅರವತ್ತು,
ಆಚಿಗೆ ನೂರು.
ಹಸಿ ಒಣ ಕೂಡಿಸಿ ಕೊಟ್ಟರ ಮ್ಯಾಲ ಹತ್ತು.
ರಾತ್ರಿ ಯಾರೋ ಸುಣ್ಣ ಬಳದಿದ್ರು.
ಆದ್ರೂ ನೂರರ ಎರಡು ಸೊನ್ನಿ
ಸುಣ್ಣದೊಳಗಿಂದ ಕಣ್ಣಿನಂಗ ಪಿಳಿಪಿಳಿ ನೋಡ್ತಿದ್ದವು.

ನಾನು ಸಾಬಮ್ಮ, ಮಹಿಳಾ ಸಂಘದಾಕಿ.
ಕೈಯಾಗ ಸ್ಟೇರಿಂಗ್, ಕೊರಳಾಗ ರಸೀದಿ ಮಷೀನು.
ದರ ನಾ ಏರಿಸಿಲ್ಲ.
ಬೈಯಾಕ ಹತ್ತಿರ ಸಿಗೋ ಮಾರಿ ಮಾತ್ರ ನಂದೇ.

ಸರ್ವೇದಾಗ ಮೂವತ್ನಾಕು ವರ್ಷ ಸರಪಳಿ ಎಳದ ಮಾಪಣ್ಣ
ಟೇಪು ಹಿಡಕೊಂಡು ಪಡಸಾಲ್ಯಾಗ ಅಡ್ಡ ಮಲಗಿದ್ದ.
"ಗ್ವಾಡಿ ದಪ್ಪ ಬಿಟ್ಟು ಅಳಿಬೇಕು ತಂಗಿ,
ಗ್ವಾಡ್ಯಾಗ ಯಾರು ಕಸಾ ಮಾಡ್ತಾರ?"
ಐನೂರ ತೊಂಬತ್ತೆಂಟು ಬಂತು.
ಒಳಗಿಂದ ಹೆಂಡತಿ ಅಂದಳು,
"ಹಂಗಾರ ಮಾಳಿಗಿ ಮ್ಯಾಲಿನ ಖೋಲಿ ನಮ್ಮದಲ್ಲೇನು?"
ಟೇಪು ಸರ್ರನೆ ತನ್ನ ಡಬ್ಬಿ ಸೇರಿತು.

ಟೇಶನ್ ಹಿಂದ ಒಂದು ಖೋಲಿ, ಹನ್ನೊಂದು ಮಂದಿ,
ಹತ್ತಿ ಮಿಲ್ಲಿನ ಹುಡುಗರು.
ಮೂರು ಬಕೀಟು ಎತ್ತಿ ರುಕ್ಕವ್ವನ ರಟ್ಟಿ ಬಿದ್ದಾವ.
ಅವರಿಗೆ ಮೂವತ್ತು.
ಮೂರಂತಸ್ತಿನ ಸಿಮೆಂಟ್ ಸಾವ್ಕಾರ
ಅಂಗೈ ಅಗಲದ ಚೀಲ ಎರಡು ಬೆರಳಿನಾಗ ಹಿಡಿದು ಬರ್ತಾನ.
ನೂರು ಕೊಟ್ಟು, ರಸೀದಿ ಮುದ್ದಿ ಮಾಡಿ,
ನನ್ನ ಗಾಡ್ಯಾಗೇ ಒಗೀತಾನ.
ಕಸಕ್ಕ ಚದರಡಿ ಗೊತ್ತಿಲ್ಲ. ಕಾಗದಕ್ಕ ಕಸಾ ಗೊತ್ತಿಲ್ಲ.
ನಡುವ ನಾನು ಗೇರ್ ಹಾಕ್ತೀನಿ.

ಕ್ವಾಟಿ ಗುಡ್ಡದ ಬುಡಕ್ಕ ಕೊನೀ ಮನಿ ಖಾತೂನ್‌ಬಿಯದು.
ಅಕಿ ಬಕೀಟು ತರಂಗಿಲ್ಲ, ಸುಮ್ಮ ಹೊಸ್ತಿಲದಾಗ ನಿಂದರ್ತಾಳ.
ಸಿಪ್ಪಿ ಸೊಪ್ಪು ಆಡು ತಿಂತದ, ಅದರ ಹೆಸರು ಶಹಜಾದಿ.
ಬೂದಿ ಬೋಗೋಣಿ ತಿಕ್ಕಾಕ, ಹಳೇ ಸೀರಿ ಕೌದಿಗೆ,
ಬಾಟ್ಲಿ ಡಬ್ಬಿ ಗುಜರಿಯವಗ.
"ನಂದೇನದ ಬೇಟಿ? ತೂಗಿ ನೋಡು.
ಇಲ್ಲದ ಕಸಕ್ಕ ಎಷ್ಟು?"

ಮಷೀನ್ ಒತ್ತಿದೆ.
ಮೂವತ್ತರ ಕೆಳಗ ಗುಂಡಿ ಇಲ್ಲ.
ಆಫೀಸಿಗೆ ಫೋನ್ ಹಚ್ಚಿದೆ. "ಮನಿ ಅದನೋ ಇಲ್ಲೋ?
ಮನಿ ಅದ ಅಂದ್ರ ಕಸಾ ಅದ" ಅಂದ್ರು.
ಖಾತೂನ್‌ಬಿ ಸೆರಗಿನ ಗಂಟು ಬಿಚ್ಚಿ
ಹತ್ತರವು ಮೂರು ನೋಟು ಎಣಿಸಿದಳು,
ಎಣಿಸಿದ್ದು ಮತ್ತೊಮ್ಮೆ ಎಣಿಸಿದಳು.
ರಸೀದಿ ಮಡಚಿ ಕುಪ್ಪಸದಾಗ ಇಟ್ಟಳು.
ಈ ಊರಾಗ ನನ್ನ ರಸೀದಿ ಇಟಗೊಂಡಾಕಿ ಅಕಿ ಒಬ್ಬಾಕಿ.

ಮರುದಿನ ಹೋದರ
ಎರಡು ಗೊಬ್ಬರದ ಚೀಲ ಬಾಯಿ ಕಟ್ಟಿ ಕುಂತಿದ್ದವು.
ಒಂದರಾಗ ಮೂಲಿ ಬೇವಿನ ಮರದ ಒಣ ಎಲಿ,
ಇನ್ನೊಂದರಾಗ ಗುಟ್ಕಾ ಚೀಟಿ, ಚಾದ ಕಪ್ಪು,
ಯಾವನೋ ಬಿಟ್ಟು ಹೋದ ಎಡಗಾಲಿನ ಚಪ್ಪಲಿ.
"ಇವು ನಿನ್ನ ಮನೀವಲ್ಲಲ್ಲ ಅಮ್ಮಾ?"
"ಮೂವತ್ತು ರೂಪಾಯಿ ನಂದಲ್ಲೇನು?
ನನ್ನ ಪಾಲಿನ ಕಸಾ ನಾ ಹುಡುಕ್ಕೊಂಡೀನಿ.
ಒಯ್ಯಿ."

ಹನ್ನೆರಡನೇ ದಿನಕ್ಕ ಮರದ ಬುಡದಾಗ ಪರಸಿ ಕಂಡವು.
ಅಲ್ಲಿ ಕಟ್ಟಿ ಇತ್ತು ಅಂಬೋದೇ ಮರತಿದ್ವಿ.
ಮಾಪಣ್ಣ ಬಂದು ಕುಂತು, ರೂಢಿಯಂಗ, ಗೇಣಿನಿಂದ ಅಳದ.
ಮಗ್ಗಲಿನ ಮನ್ಯಾಗಿನಾಕಿ ಕೇಳಿದಳು,
"ಅದಕ್ಕೂ ದರ ಹಚ್ಚತೀರೇನು?"
ರುಕ್ಕವ್ವ ನಕ್ಕಳು. ನಾ ನಗಲಿಲ್ಲ,
ಆಫೀಸಿನವರಿಗೆ ಇದು ಹೊಳೀಬಾರದಲ್ಲ.

ಹನ್ನೊಂದಕ್ಕ ಬಿಸಲು ತಗಡಿನಂಗ ಬಡಿತದ.
ಕಡೀಗೆ ನನ್ನ ಮನಿ ಮುಂದ ಗಾಡಿ ನಿಲ್ಲಸ್ತೀನಿ.
ನಾನೇ ಬಕೀಟು ತರತೀನಿ, ನಾನೇ ಬೈತೀನಿ,
"ಹಸೀದ್ರಾಗ ಒಣಾ ಹಾಕೀಯಲ್ಲ?"
ಅರವತ್ತರ ಗುಂಡಿ ಒತ್ತಿ ಕಿಸೆ ಮುಟ್ಟಿ ನೋಡಿದರ
ಐವತ್ತೇ ಅದ.
"ಚಿಲ್ಲರ ಇಲ್ಲ, ನಾಳಿಗೆ ಬಾ" ಅಂತ
ನನಗ ನಾನೇ ಹೇಳಿ ಕಳಸ್ತೀನಿ.