ಕಲ್ಲೂ ಉಂಟು, ನಾಯಿಯೂ ಉಂಟು

ಬಾ ವೊಯ್ಟೆಖ್, ನೀನು ಬಂದದ್ದು ಸಂತೋಷ.
ಈ ಹಳದಿ ನಾಯಿ ಬಂದದ್ದೂ ಸಂತೋಷವೇ ಅಂತಿಟ್ಟುಕೋ.
ನಾಯಿ ಕಂಡಾಗ ಕಲ್ಲಿಲ್ಲ, ಕಲ್ಲು ಕಂಡಾಗ ನಾಯಿಯಿಲ್ಲ ಅನ್ನುವವರು
ಟಿಸಾದ ಈ ಮರಳುಗಲ್ಲಿನ ಬುಡಕ್ಕೆ
ಒಂದು ಶನಿವಾರವೂ ಬಂದವರಲ್ಲ.
ಇಲ್ಲಿ ಎರಡೂ ಉಂಟು.
ಅದಕ್ಕೇ ನಾಲ್ಕು ಮಾತು.

ನಿನ್ನ ಹಗ್ಗ ಹಿಡಿದವರ ಸೊಂಟಕ್ಕೆ ಅದನ್ನು ಕಟ್ಟಬೇಡ.
ಒಂದು ಅಳಿಲು ಓಡಿದರೆ ಸಾಕು,
ಅವರು ಅತ್ತ, ಹಗ್ಗ ಇತ್ತ, ನೀನು ಎತ್ತಲೋ.
ಗೋಡೆಯ ನೇರ ಕೆಳಗೂ ಬೇಡ:
ಬೀಳುವ ಕಲ್ಲಿಗೆ ನಾವು ಕೂಗಿ ಹೇಳುವ ಭಾಷೆ
ಅದಕ್ಕೆ ಬಾರದು.
ಅಗೋ, ಆ ಬರ್ಚ್ ಮರ. ನೆರಳಿದೆ. ಬಟ್ಟಲಿಗೆ ನೀರು ಹಾಕು.

ಕಾಲೆತ್ತುವುದು ಬಂಡೆಗಲ್ಲ.
ಮೊದಲ ಹಿಡಿ ಸಿಗುವ ಮುಂಚೆ ನಾವೆಲ್ಲ
ಅಲ್ಲೇ ಕೆನ್ನೆ ಒರಗಿಸುತ್ತೇವೆ.
ಉಳಿದದ್ದನ್ನು ಚೀಲದಲ್ಲಿ ಕಟ್ಟಿ ಮನೆಗೊಯ್ಯಿ,
ಕೊಂಬೆಗೆ ತೂಗುಹಾಕಿ ಹೋಗಬೇಡ;
ಅದೇನು ಹರಕೆಯೇ?

ಹಗ್ಗವನ್ನು ಹಾವೆಂದು ಹೆದರಿದವರ ಕಥೆ ಕೇಳಿದ್ದೇನೆ,
ಹಾಸಿಗೆಯೆಂದು ಅದರ ಮೇಲೆ ಮಲಗಿದವನನ್ನು
ಇವತ್ತೇ ನೋಡಿದ್ದು.
ಎಬ್ಬಿಸು. ಮೈಯ ಮರಳು ನೂಲಿನೊಳಗೆ ಇಳಿಯುತ್ತದೆ.

ಅನೆಷ್ಕಾ ಅಮ್ಮನ ಹಿಂದೆ ಅಡಗಿದ್ದಾಳೆ, ಕಂಡೆಯಾ?
'ಕಚ್ಚೋದಿಲ್ಲ' ಅನ್ನಬೇಡ.
ಕಚ್ಚುವ ನಾಯಿಗಳ ಯಜಮಾನರೆಲ್ಲ
ಅದನ್ನೇ ಅನ್ನುವುದು.
ಸುಮ್ಮನೆ ಪಟ್ಟಿಯನ್ನು ಒಂದು ಸುತ್ತು ಗಿಡ್ಡ ಮಾಡು.

ಆ ಪಕ್ಕದ ಸೀಳಿನಲ್ಲಿ ಡೇಗೆ ಮರಿ ಮಾಡಿದೆ.
ಜೂನ್ ಮುಗಿಯುವ ತನಕ ಅತ್ತ ಯಾರೂ ಸುಳಿಯುವುದಿಲ್ಲ.
ಡೇಗೆಯ ಕಣ್ಣಿಗೆ
ನಾಲ್ಕು ಕಾಲಿನದು ಬೇರೆ, ನಾವು ಬೇರೆ
ಅಂತೇನಿಲ್ಲ.

ಹೆಸರೇನಂದೆ? ಶ್ಕ್ವಾರೆಕ್?
ಕರಿದ ಕೊಬ್ಬಿನ ಚೂರು!
ಸರಿ, ಹತ್ತು. ಹಗ್ಗ ನಾನು ಹಿಡಿಯುತ್ತೇನೆ,
ಮೊಣಕಾಲು ಕೈಕೊಟ್ಟಿದೆ, ಕೈ ಕೊಟ್ಟಿಲ್ಲ.

*

ನೀನು ಚಾಚುಗಲ್ಲು ದಾಟಿ ಮರೆಯಾದೆ,
ಶುರುವಾಯಿತು.
ಮೊದಲು ಮೂಗಿನಲ್ಲಿ ಒಂದು ಸಣ್ಣ ಎಳೆ, ಆಮೇಲೆ ಊಳು,
ಕಣಿವೆಯ ಇಡೀ ಶನಿವಾರ ತಿರುಗಿ ನನ್ನನ್ನೇ ನೋಡಿತು.
ಅದಕ್ಕೂ ಒಂದು ನಿಯಮವಿದೆ ನನ್ನ ಹತ್ತಿರ:
ಬಿಟ್ಟಿರಲಾರದ ನಾಯಿಯನ್ನು ಕರೆತರಬಾರದು.
ಹೇಳುವುದಕ್ಕೆ ಬಾಯಿ ತೆರೆದೆ,
ಯಾರಿಗೆ ಹೇಳಲಿ? ನೀನು ಮೇಲೆ.

ಮೇಲೆ ಹೋದವನು ಇಳಿದು ಬರುತ್ತಾನೆಂದು
ಅದಕ್ಕೆ ಯಾರೂ ಹೇಳಿಲ್ಲ.
ನನಗೆ ಹೇಳಿದ್ದರು.
ಇದೇ 'ಸನ್ಯಾಸಿನಿ' ಕಂಬದ ಕೆಳಗೆ ಹತ್ತೊಂಬತ್ತು ಬೇಸಿಗೆ
ಯಾರೊಮೀರನ ಹಗ್ಗ ಹಿಡಿದು ಕತ್ತೆತ್ತಿ ನಿಂತಿದ್ದೆ.
ಪ್ರತಿ ಸಲ ಇಳಿದು ಬಂದ.
ಕೊನೆಗೆ ಹೋದದ್ದು ಹಾಸಿಗೆಯಲ್ಲಿ, ಹಗ್ಗವಿಲ್ಲದೆ.
ನಾನು ಊಳಿಡಲಿಲ್ಲ. ಕಲಿತ ಮರ್ಯಾದೆ.

ಎಡಗೈ ಬಿಡುವಂತಿಲ್ಲ, ಬಲಗೈ ಮೊದಲೇ ಬಿಡುವಂತಿಲ್ಲ.
'ಬಾರೋ' ಅಂದೆ. ಗಂಟು ಸಡಿಲವಿತ್ತು, ಬಂದೇಬಿಟ್ಟಿತು.
ಗೋಡೆಯ ನೇರ ಕೆಳಗೆ,
ನನ್ನ ಎರಡು ಪಾದಗಳ ಮೇಲೆ
ತನ್ನ ಭಾರವನ್ನೆಲ್ಲ ಇಟ್ಟು ಕೂತಿತು.
ಊಳು ನಿಂತಿತು.
ನಾನು ಹೇಳಿದ್ದೆಲ್ಲವನ್ನೂ
ನಾನೇ ಮುರಿದದ್ದನ್ನು ಅನೆಷ್ಕಾ ನೋಡಿದಳು.

*

ಇಳಿದು ಬಂದು ನೀನು ನಗುತ್ತ ಹೇಳಿದೆ,
ತುದಿಯ ಡಬ್ಬಿಯಲ್ಲಿರುವ ಪುಸ್ತಕದಲ್ಲಿ
ನಿನ್ನ ಹೆಸರಿನ ಕೆಳಗೆ ಬರೆದೆಯಂತೆ:
'ಕೆಳಗೆ ಕಾದವರು, ಬೊಹ್ದಾನಾ, ಶ್ಕ್ವಾರೆಕ್.'

ಹಾಗೆ ಬರೆಯುವ ಹಾಗಿಲ್ಲ ಹುಡುಗಾ.
ಹತ್ತಿದವರ ಹೆಸರು ಮಾತ್ರ. ಅದು ಪದ್ಧತಿ.
ಯಾರೊಮೀರ್ ಅಷ್ಟು ಬೇಸಿಗೆಯಲ್ಲಿ
ಒಮ್ಮೆಯೂ ತಪ್ಪಿದವನಲ್ಲ.

ಪೆನ್ಸಿಲ್ಲೋ, ಪೆನ್ನೋ?

ಪೆನ್ನಾದರೆ ಇರಲಿ ಬಿಡು.
ಪಟ್ಟಿ ತಾ ಇಲ್ಲಿ, ಗಂಟು ಹಾಕುವುದು ಹೇಗೆಂದು ತೋರಿಸುತ್ತೇನೆ.