ಕಾಡುಬೆಕ್ಕು

ಯಾವ ಕಾರ್ಖಾನೆಯೂ ಹೆರದ ಕಾಡತೂಸಿಗೆ
ನಮ್ಮ ಮೊಂಟಾನಾದಲ್ಲಿ ಕಾಡುಬೆಕ್ಕು ಅನ್ನುತ್ತಾರೆ.
ಅಪ್ಪನದು ಅಂಥದೊಂದು: ಎಪ್ಪತ್ತೊಂದರ ಚಳಿಗಾಲ
ದೊಡ್ಡ ಕವಚವೊಂದರ ಕತ್ತು ಹಿಚುಕಿ
ಸಣ್ಣ ಗುಂಡಿಗೆ ಮನೆ ಮಾಡಿಕೊಟ್ಟದ್ದು.
ಅದನ್ನು ನುಂಗುವ ಕೋವಿ ಲೋಕದಲ್ಲಿ ಒಂದೇ.

ಈಗ ಹಾಲ್ವರ್ ನೆಸ್‌ನ ಕೈ ನಡುಗುತ್ತದೆ.
ತಕ್ಕಡಿಯ ಮುಂದೆ ನಾನು.
"ಉಸಿರು ಬಿಡಬೇಡ ಡಾಗ್ನಿ, ಮುಳ್ಳು ಬೆಚ್ಚುತ್ತೆ."
ಗುಲಗಂಜಿಯ ಕಾಲುಭಾಗವೂ ಇಲ್ಲಿ ಬೆಟ್ಟ.

ಎಣ್ಣೆ ಮೆತ್ತಿದ ಅವನ ನೋಟ್‌ಬುಕ್ಕು,
ಪುಟ ನಲವತ್ತು, ಕೆಂಪು ಪೆನ್ಸಿಲ್ಲಿನ ಸುತ್ತು:
"ಇದೇ. ಇನ್ನು ಮುಟ್ಟಬೇಡ."
ಮುಟ್ಟಲಿಲ್ಲ. ಹಾಗೇ ಮದ್ದು ತುಂಬಿ, ಒತ್ತಿ, ಹೊಡೆದೆ.
ಕಾಗದದ ಮೇಲೆ ಕೋಳಿಗೆ ಎರಚಿದ ಕಾಳು.

ದುರ್ಬೀನಿನಿಂದ ಕಣ್ಣು ತೆಗೆಯದೆ ನಕ್ಕ.
"ಲೆಕ್ಕ ಸರಿಯಿದೆ. ಕೋವಿಗೆ ವಯಸ್ಸಾಗಿದೆ.
ಮೂರು ಸಾವಿರ ಸಲ ಬೆಂಕಿ ನುಂಗಿ ಗಂಟಲು ಸವೆದಿದೆ.
ಗುಂಡು ಕೊಂಚ ಮುಂದೆ ಬಂದು ಕೂರಲಿ;
ಕಿವಿ ಮಂದವಾದವರ ಹತ್ತಿರ ಸರಿದು ಮಾತಾಡಲ್ವೆ, ಹಾಗೆ."

ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು.
ನಾಲ್ಕು ಶನಿವಾರ. ಗಾಳಿಯೊಂದಿಗೆ ಜಗಳ.
ಬಿಸಿ ಹಿತ್ತಾಳೆ ಚಿಮ್ಮಿ ಹುಲ್ಲಿಗೆ ಬಿದ್ದಾಗೆಲ್ಲ
ಅಪ್ಪ ಹುಡುಕಿ ತಂದು
ಬುಡ ಸವರಿ, ಮೂಸಿ, ಜೇಬಿಗೆ ಹಾಕುತ್ತಿದ್ದ,
ಏನೂ ಹೇಳದೆ.

ನಿನ್ನೆ ಮೂರು ತೂತು ಒಂದಕ್ಕೊಂದು ತಾಗಿ
ಮೂರೆಸಳಿನ ಹುಲ್ಲೆಲೆಯಾಯಿತು.
ನಾಲ್ಕನೆಯದಕ್ಕೆ ಕೈ ಹಾಕಿದೆ; ಬೇಡವೆಂದ.
ಕೆಂಪು ಪೆನ್ಸಿಲ್ ಕೊಟ್ಟ. ಸುತ್ತು ಎಳೆದೆ.
"ಇದೇ" ಎಂದು ಬರೆಯಹೋದವಳು
ತಾರೀಕು ಮಾತ್ರ ಬರೆದೆ.