ಹಲಗೆಯ ಅಡಿಗೆ

ಮೊದಲನೆಯ ಫಿನ್ನು ಕತ್ತರಿಸಿದ್ದು
ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯಿಂದ.
ಈರುಳ್ಳಿ ವಾಸನೆ ಇನ್ನೂ ಬಿಟ್ಟಿರಲಿಲ್ಲ.
ಗರಗಸದ ಹಲ್ಲಿಗೆ ಅಂಟಿದ ಬಿಳಿ ಪುಡಿಯನ್ನು ಊದಿ
ಡರ್ಮಟ್ ಅಂದ:
"ಇದು ಮೀನಿನ ರೆಕ್ಕೆಯಲ್ಲ ಮಾರಾಯ,
ಮೀನು ಕೊಯ್ದ ಮಣೆ."

ಹ್ಯೂವನ್ ನದಿ ಸಮುದ್ರ ಸೇರುವ ಮುನ್ನ
ಇಲ್ಲಿ ಕಾಲು ಚಾಚಿ ಅಗಲವಾಗುತ್ತದೆ.
ಹಾಲು ಹಾಕದ ಚಹಾದ ಬಣ್ಣ.
ಟಾಸ್ಮೇನಿಯಾದ ಅರ್ಧ ಕಾಡಿನ ಬೇರು ತೊಳೆದ ನೀರು,
ಮೊಣಕೈವರೆಗೆ ಅದ್ದಿದರೆ ಬೆರಳು ಕಾಣದು.
ಇದರ ಮೇಲೆ ನೆಟ್ಟಗೆ ನಿಲ್ಲಬೇಕು
ಎಂದು ಅವನ ಹಟ.

ಹತ್ತೊಂಬತ್ತು ವರ್ಷ
ಅವನು ಕೆಳಗೆ, ನಾನು ಮೇಲೆ.
ಬಂಡೆ ಕಚ್ಚಿದ ಅಬಲೋನಿ ಚಿಪ್ಪುಗಳನ್ನು ಅವನು ಎಬ್ಬುತ್ತಿದ್ದ,
ನಾನು ದೋಣಿಯಲ್ಲಿ ಹಳದಿ ಗಾಳಿಕೊಳವೆ ಹಿಡಿದು
ಕಂಪ್ರೆಸರಿನ ಗುಂಯ್‌ಗೆ ಕಿವಿಯಾಗಿರುತ್ತಿದ್ದೆ.
ಒಮ್ಮೆ ಜಗ್ಗಿದರೆ ಚೀಲ ತುಂಬಿದೆ.
ಎರಡು ಸಲ: ಸಡಿಲ ಬಿಡು.
ಮೂರು ಸಲ ಜಗ್ಗಿದ್ದು ಒಂದೇ ದಿನ.
ಮೇಲೆ ಬಂದವನ ಕಿವಿಯೊಳಗೆ ಏನೋ ಒಡೆದಿತ್ತು;
ಆಕಾಶ ಎಡಕ್ಕೆ ಸುತ್ತುತ್ತಿದೆ ಅಂದ
ದೋಣಿಯ ಅಂಚು ತಬ್ಬಿ.
ಅಂದಿನಿಂದ ಅವನ ಪಾಲಿಗೆ
ನೆಲವೂ ಪೂರ್ತಿ ನಿಂತದ್ದಿಲ್ಲ.

ನಾನು ಬೇಗ ಎಳೆದೆನೇ?
ಅವನು ಕೇಳಿಲ್ಲ. ನಾನು ಎತ್ತಿಲ್ಲ.
ಫಿನ್ನು ಕತ್ತರಿಸುತ್ತೇನೆ.

ಎರಡನೆಯದು ಕುಡುಗೋಲಿನಂತೆ ಹಿಂದಕ್ಕೆ ಬಾಗಿದ್ದು.
ಹಲಗೆ ನೇರ ಹೋಯಿತು, ದಾರ ಹಿಡಿದ ಹಾಗೆ;
ತಿರುಗು ಅಂದರೆ ಮಾತ್ರ ಕೋಣ.
ಮೂರನೆಯದು ಆಳ, ಒಂದೂವರೆ ಗೇಣು.
ಓಲಾಟ ತಗ್ಗಿತು, ಅಲೆ ಬಂದರೂ ಯೋಚಿಸಿ ಓಲುತ್ತಿತ್ತು.
ಹಿಗ್ಗಿ ಒಂದು ಕೈ ಎತ್ತಿದ, ಅಷ್ಟರಲ್ಲಿ
ಪಾಚಿಹುಲ್ಲು ತೊಡರಿ ಹಲಗೆ ಗಕ್ಕನೆ ನಿಂತು
ಡರ್ಮಟ್ ಒಬ್ಬನೇ ಮುಂದೆ ಹೋದ.
ನಾಲ್ಕನೆಯದರ ಕಥೆ ಬೇಡ.

ಐದನೆಯ ಸಲ ಮೂರು ಒಟ್ಟಿಗೆ:
ನಡುವೆ ದೊಡ್ಡದು, ಅಕ್ಕಪಕ್ಕ ಮರಿಗಳು.
ಎಲ್ಲೋ ಕೂದಲೆಳೆಯಷ್ಟು ಓರೆಯಾಗಿ
ಇಡೀ ಹಲಗೆ ಗುಂಯ್‌ಗುಟ್ಟಿತು.
ಅಂಗಾಲಿನಿಂದ ಕೇಳಿಸಿಕೊಂಡು ಅವನು
"ಕಂಪ್ರೆಸರ್" ಅಂದ.
ಆ ದಿನ ಇಬ್ಬರೂ ಬೇಗ ಮನೆಗೆ ಹೋದೆವು.

ಆರನೆಯದು ಹ್ಯೂವನ್ ಪೈನ್, ದೋಣಿ ಕಟ್ಟುವವರು ಕೊಟ್ಟ ತುಂಡು.
ಶೆಡ್ಡಿಗೆ ಶೆಡ್ಡೇ ಘಮ್ಮೆಂದಿತು.
ಎಣ್ಣೆ ಮರ, ಅಂಟು ಹಿಡಿಯಲಿಲ್ಲ;
ಪದರ ಬಿಟ್ಟು ತೇಲಿಹೋಯಿತು, ತೇಲಿದ್ದೇನೋ ಚಂದ.

ಜೆಟ್ಟಿಯ ತುದಿಗೆ ಅವನ ಹೆಂಡತಿ ಬ್ರೋನ್ವಿನ್,
ಸೇಬಿನ ಪೆಟ್ಟಿಗೆಯ ರಟ್ಟಿನ ಮೇಲೆ
ಬಿದ್ದದ್ದಕ್ಕೆಲ್ಲ ಪೆನ್ಸಿಲ್ ಗೀಟು.
ಏಳನೆಯದು ಬುಡ ಅಗಲ, ತುದಿ ಗಿಡ್ಡ,
ಹುಲ್ಲು ಜಾರಿಹೋಗುವ ಇಳಿಜಾರು,
ಮೂರು ರಾತ್ರಿ ಉಜ್ಜಿದ ಮೈ.
ನನ್ನ ಕೈಯಲ್ಲಿ ಹುಟ್ಟಿದ ಅತಿ ಒಳ್ಳೆಯದು.
ಹನ್ನೊಂದು ಗೀಟು.

ಅವಳು ನನ್ನೊಬ್ಬನಿಗೇ ತಗ್ಗಿದ ದನಿಯಲ್ಲಿ ಹೇಳಿದಳು:
"ಎಲ್ಲ ಸಲವೂ ಒಂದೇ ಥರ ನೋಡು.
ಹುಟ್ಟು ಹಾಕುವಾಗ ಬೀಳುವುದಿಲ್ಲ.
ನಿಲ್ಲಿಸಿ, ಕತ್ತು ಬಗ್ಗಿಸಿ
ಕೆಳಗೆ ನೋಡುತ್ತಾನೆ.
ಆಗ."

ನೀರಲ್ಲಿ ಸೊಂಟದವರೆಗೆ ನಿಂತು
ಹಲಗೆಯ ಬಾಲ ಹಿಡಿದಿದ್ದೆ ನಾನು ಮರುದಿನ.
ಹೇಳಬೇಕೆಂದಿದ್ದೆ.
ಅವನು ನೋಡಿದ, ಬಿದ್ದ.
ಚಹಾ ಬಣ್ಣ ಮುಚ್ಚಿಕೊಂಡಿತು.
ಅವನ ಕಾಲಿಗೂ ಹಲಗೆಗೂ ನಡುವಿನ ಹಳದಿ ಹಗ್ಗ
ನನ್ನ ಮಣಿಕಟ್ಟಿಗೆ ತಾಗಿ ಬಿಗಿಯಿತು,
ಸಡಿಲಿತು,
ಮತ್ತೆ, ಬೇಕೆಂದೇ,
ಒಂದು ಸಲ.

ಎಳೆಯಲಿಲ್ಲ ನಾನು. ಕಾದೆ.
ಅವನಷ್ಟಕ್ಕೆ ಅವನು ಬಂದ, ಮೂಗಿನಿಂದ ನೀರು ಸುರಿಸುತ್ತ.
"ಇದೂ ಸರಿಯಿಲ್ಲ" ಅಂದೆ. "ಬುಡ ಇನ್ನೂ ಅಗಲ ಬೇಕು."
"ಬೇಕು" ಅಂದ.

ಮಣೆ ಅರ್ಧ ಉಳಿದಿದೆ ಶೆಡ್ಡಿನಲ್ಲಿ.
ಬ್ರೋನ್ವಿನ್ ಕೇಳುತ್ತಲೇ ಇದ್ದಾಳೆ
ಈರುಳ್ಳಿ ಯಾವುದರ ಮೇಲೆ ಹೆಚ್ಚಲಿ ಅಂತ.